ನಾವು ದಾಟಿಹೋದ ಪದ್ಯಗಳು

ನಾವು ಬಾಲ್ಯದಲ್ಲಿಯೇ ಮಠದ ಪಾಠಶಾಲೆಯನ್ನು ಸೇರಿದವರು. ಅಲ್ಲಿ ಕಾವ್ಯವೆಂದರೆ ಬರಿಯ ಓದಲ್ಲ, ವಾಚನ. ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ದ ವಾರ್ಧಕ ಷಟ್ಪದಿಗಳನ್ನು ಗುರುಗಳು ಹೇಳಿಕೊಡುತ್ತಿದ್ದ ಧ್ವನಿ ಇಂದಿಗೂ ನಮ್ಮ ಕಿವಿಯಲ್ಲಿದೆ. ಮುಂದೆ ಕಾಲೇಜೊಂದರಲ್ಲಿ ಕನ್ನಡ ಅಧ್ಯಾಪಕರಾದಾಗ ಅದೇ ಕಾವ್ಯವನ್ನು ಬೋಧಿಸುವ ಭಾಗ್ಯ ನಮ್ಮದಾಯಿತು.

ಪುರಾಣಕಥೆ ಹರಿಯುವ ಹೊಳೆಯಿದ್ದಂತೆ ಎಂದು ಪಾಠವನ್ನು ಆರಂಭಿಸುತ್ತಿದ್ದೆವು. ಐತರೇಯ ಬ್ರಾಹ್ಮಣದ ಹರಿಶ್ಚಂದ್ರನು ತನ್ನ ಮಗನನ್ನು ವರುಣನಿಗೆ ಅರ್ಪಿಸುವೆನೆಂದು ಮಾತು ಕೊಟ್ಟು ದಿನ ದೂಡುತ್ತಾನೆ. ಕೊನೆಗೆ ಆ ಮಗನ ಬದಲಿಗೆ ಶುನಃಶೇಪನೆಂಬ ಬಡ ಬಾಲಕನನ್ನು ಯೂಪಕ್ಕೆ ಕಟ್ಟಲಾಗುತ್ತದೆ. ಮಾರ್ಕಂಡೇಯ ಪುರಾಣದಲ್ಲಾದರೋ ಅದೇ ಹೆಸರಿನ ಅರಸನು ಕೊಟ್ಟ ಮಾತಿಗಾಗಿ ಮಡದಿ ಮಕ್ಕಳನ್ನೂ ತನ್ನನ್ನೂ ಮಾರಿಕೊಳ್ಳುತ್ತಾನೆ. ಇಷ್ಟನ್ನು ವಿದ್ಯಾರ್ಥಿಗಳು ಕುತೂಹಲದಿಂದ ಕೇಳುತ್ತಿದ್ದರು.

ಆದರೆ ಒಂದು ಸಂದರ್ಭವನ್ನು ನಾವು ಪ್ರತಿವರ್ಷವೂ ಅವಸರದಲ್ಲಿ ದಾಟುತ್ತಿದ್ದೆವು. ವಿಶ್ವಾಮಿತ್ರನು ಸೃಷ್ಟಿಸಿ ಕಳುಹಿಸಿದ ಇಬ್ಬರು ಅನಾಮಿಕ ಕನ್ಯೆಯರು ಅರಸನ ಮುಂದೆ ಹಾಡುತ್ತಾರೆ. ಅವನ ಬೆಳ್ಗೊಡೆಯನ್ನು ಬೇಡುತ್ತಾರೆ. ಅದು ದೊರೆಯದಾಗ ನೀನೇ ಪತಿಯಾಗು ಎನ್ನುತ್ತಾರೆ. ಕುಲದ ಮಾತನ್ನೆತ್ತಿ ಅವನು ಸಿಡಿಮಿಡಿಗೊಂಡಾಗ ಅವರು ಕೇಳುವ ಪ್ರಶ್ನೆ ತೀಕ್ಷ್ಣವಾದುದು. ನಮ್ಮ ಹಾಡನ್ನು ಕೇಳಿದ ಕಿವಿಗೆ, ನಮ್ಮನ್ನು ನೋಡಿದ ಕಣ್ಣಿಗೆ ತಾಗದ ಹೊಲೆ, ಮುಟ್ಟಿದರೆ ಮಾತ್ರ ತಾಗುವುದೇ? ‘ಇದು ಋಷಿಯ ಮಾಯೆ’ ಎಂದು ಹೇಳಿ ನಾವು ಪುಟ ತಿರುವುತ್ತಿದ್ದೆವು.

ಒಂದು ದಿನ ಹಿಂದಿನ ಬೆಂಚಿನ ವಿದ್ಯಾರ್ಥಿಯೊಬ್ಬ ಎದ್ದು ನಿಂತ. ಎಂದೂ ಮಾತನಾಡದ ಹುಡುಗ. “ಗುರುಗಳೇ, ಆ ಹೆಣ್ಣುಮಕ್ಕಳ ಪ್ರಶ್ನೆಗೆ ಅರಸ ಉತ್ತರ ಕೊಟ್ಟನೇ?” ಎಂದು ಕೇಳಿದ. ನಮಗೆ ಕೂಡಲೇ ಮಾತು ಹೊರಡಲಿಲ್ಲ. ಅವನೇ ಮೆಲ್ಲಗೆ ಮುಂದುವರಿಸಿದ: “ನಮ್ಮೂರ ಬಯಲಾಟದಲ್ಲಿ ನಮ್ಮಜ್ಜ ವೀರಬಾಹುವಿನ ವೇಷ ಕಟ್ಟುತ್ತಿದ್ದರು. ಅರಸ ಬಂದು ಅವರ ಕಾಲಿಗೆ ಬೀಳುವಾಗ ನಮ್ಮ ಓಣಿಯವರೆಲ್ಲ ಎದ್ದು ನಿಲ್ಲುತ್ತಿದ್ದರು. ಉತ್ತರ ಅಲ್ಲಿದೆಯೇನೋ ಅಂತ ನನಗನಿಸುತ್ತದೆ.”

ಆ ಮಾತು ನಮ್ಮ ಪಾಂಡಿತ್ಯದ ಕಣ್ಣು ತೆರೆಸಿತು. ಕನ್ಯೆಯರನ್ನು ವರಿಸುವುದಕ್ಕಿಂತ ರಾಜ್ಯವನ್ನೇ ತೊರೆಯುವೆನೆಂದ ಅರಸನು ಕಟ್ಟಕಡೆಗೆ ದಾಸನಾದುದು ಸುಡುಗಾಡಿನ ಒಡೆಯನಾದ ವೀರಬಾಹುವಿಗೆ. ಕಾವ್ಯದ ಈ ಎರಡು ತುದಿಗಳನ್ನು ನಾವು ಕಂಠಪಾಠ ಮಾಡಿದ್ದೆವು. ಆದರೆ ಒಂದಕ್ಕೊಂದು ಕೂಡಿಸಿ ನೋಡಿರಲಿಲ್ಲ. ಬಯಲಾಟದ ನಿರಕ್ಷರ ಜನ ಕೂಡಿಸಿದ್ದರು. ಕುಲವನ್ನು ಪ್ರಶ್ನಿಸಿದ ಶರಣರ ವಚನಗಳನ್ನು ನಿತ್ಯ ಪಠಿಸುವ ನಾವು ತರಗತಿಯಲ್ಲಿ ಆ ಪ್ರಶ್ನೆಯನ್ನೇ ಮರೆಮಾಚಿದ್ದೆವಲ್ಲ ಎಂದು ಬಹಳ ನಾಚಿಕೆಯಾಯಿತು. ಆ ದಿನವೇ ತರಗತಿಯ ಮುಂದೆ ನಮ್ಮ ತಪ್ಪನ್ನು ಒಪ್ಪಿಕೊಂಡೆವು. ಮರುದಿನ ಆ ಪದ್ಯಗಳನ್ನು ಆ ಹುಡುಗನಿಂದಲೇ ಓದಿಸಿದೆವು. ಅವನ ಕಂಠ ಮೊದಲು ನಡುಗಿತು, ಬಳಿಕ ತುಂಬಿ ಬಂತು.

ಓದುಗ ಬಂಧುಗಳೇ, ನಿಮ್ಮ ಮನೆಯ ಮಕ್ಕಳು ಪುರಾಣವನ್ನೋ ಅಜ್ಜಿಯ ಕಥೆಯನ್ನೋ ಕೇಳುತ್ತ ನಡುವೆ ತಡೆದು ಪ್ರಶ್ನಿಸಿದರೆ ಗದರಬೇಡಿ. ಉತ್ತರ ತಿಳಿಯದಿದ್ದರೆ ತಿಳಿಯದೆಂದು ಹೇಳಿ, ಜೊತೆಗೂಡಿ ಹುಡುಕಿರಿ. ನಾವು ಪುಟ ತಿರುವಿದಲ್ಲಿಯೇ ಅವರ ಬದುಕಿನ ಪ್ರಶ್ನೆ ನಿಂತಿರಬಹುದು.