ಅರಕಲಗೂಡಿನಲ್ಲಿ ಒಂದು ದಿನ

ಹಾಸನದಿಂದ ಅರಕಲಗೂಡಿಗೆ ಹೊರಟ ಬಸ್ಸು ಗೊರೂರನ್ನು ಸಮೀಪಿಸಿದೊಡನೆ ಪ್ರಯಾಣಿಕನ ಮನಸ್ಸು ತಾನಾಗಿಯೇ ಹಗುರವಾಗುತ್ತದೆ. ಹಳ್ಳಿಯ ಚಿತ್ರಗಳನ್ನು ಬರೆದು ನಾಡನ್ನೆಲ್ಲ ನಗಿಸಿದ ಗೊರೂರು ರಾಮಸ್ವಾಮಿ ಅಯ್ಯಂಗಾರರ ಊರಲ್ಲವೆ ಅದು! ಅಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಮುಗಿಯಿತು. ಹಿನ್ನೀರಿನಡಿ ಎಷ್ಟೋ ಗದ್ದೆಗಳೂ ಮನೆಗಳೂ ಮುಳುಗಿದುವು. ಕೆಳಗಡೆ ಎಷ್ಟೋ ಬಯಲುಗಳು ಹಸಿರಾದುವು. ಒಬ್ಬರ ನಷ್ಟ, ಮತ್ತೊಬ್ಬರ ಲಾಭ. ಈ ಲೆಕ್ಕವನ್ನು ಬರೆದಿಡುವವರು ಯಾರು, ಅದನ್ನು ಓದಬಲ್ಲವರು ಯಾರು ಎಂಬ ಪ್ರಶ್ನೆ ಅಂದು ದಿನವೆಲ್ಲ ನನ್ನ ಬೆನ್ನು ಹತ್ತಿತ್ತು.

ಅರಕಲಗೂಡೆಂದರೆ ಕನ್ನಡದ ಓದುಗರಿಗೆ ಮೊದಲು ನೆನಪಾಗುವುದು ಅ. ನ. ಕೃಷ್ಣರಾಯರು. 1908ರಲ್ಲಿ ಅವರು ಹುಟ್ಟಿದ್ದು ಕೋಲಾರದಲ್ಲಾದರೂ ಹೆಸರಿನ ಮೊದಲ ಅಕ್ಷರ ಈ ಊರಿನದು. ‘ಅರ್ಕ’ ಎಂದರೆ ಸೂರ್ಯ. ಊರಿನ ಹೆಸರಿಗೂ ಅರ್ಕೇಶ್ವರನಿಗೂ ನಂಟನ್ನು ಹೇಳುವುದು ಹಿಂದಿನಿಂದ ಬಂದ ವಾಡಿಕೆ. ಉತ್ತರದಲ್ಲಿ ಹೇಮಾವತಿ, ದಕ್ಷಿಣದಲ್ಲಿ ಕಾವೇರಿ. ನಡುವೆ ರಾಗಿ, ಭತ್ತ, ಹೊಗೆಸೊಪ್ಪು, ಆಲೂಗೆಡ್ಡೆ, ಶುಂಠಿಗಳ ಹೊಲಗಳು. ನೋಡುವುದಕ್ಕೆ ಸಮೃದ್ಧವಾದ ತಾಲ್ಲೂಕು. ಬಾಳುವುದಕ್ಕೆ ಮಾತ್ರ ಆಕಾಶದ ಕಡೆ ಒಂದು ಕಣ್ಣಿಟ್ಟಿರಲೇಬೇಕು.

ಪೇಟೆಯನ್ನು ಸುತ್ತಿ ತಾಲ್ಲೂಕು ಕಚೇರಿಯ ಬಳಿ ಬಂದೆ. ಹೊರಗೆ ಮರದ ನೆರಳಿನಲ್ಲಿ ಒಬ್ಬ ವೃದ್ಧೆ ಕುಳಿತಿದ್ದರು. ಕೈಯಲ್ಲಿ ನಾಲ್ಕು ಮಡಿಕೆಯ ಕಾಗದ.

“ಸ್ವಾಮಿ, ಇದರಾಗೆ ಯಾರ ಹೆಸರೈತೆ, ಒಸಿ ಓದಿ ಹೇಳಿ” ಎಂದರು.

ಅದು ಪಹಣಿ. ಓದಿ ಹೇಳಿದೆ.

“ಅದು ನಮ್ಮ ಮಾವನೋರು. ಅವರು ಹೋಗಿ ಎಷ್ಟೋ ವರ್ಸ ಆತು. ನಮ್ಮ ಯಜಮಾನರೂ ಹೋದರು. ಉಳೋರು ನಾವು, ಹೆಸರು ಅವರದು” ಎಂದು ನಕ್ಕರು.

ನಕ್ಕರಾದರೂ ಅದು ನಗುವ ವಿಷಯವಲ್ಲ. ಪೌತಿ ಖಾತೆಯಾಗದ ಹೊರತು ಬ್ಯಾಂಕಿನ ಸಾಲವಾಗಲಿ, ಬೆಳೆನಷ್ಟದ ಪರಿಹಾರವಾಗಲಿ ಆಕೆಯ ಕೈಗೆ ಬರುವುದು ದುಸ್ತರ.

ಆ ಕಾಗದದ ಹಿಂದೆ ದೊಡ್ಡದೊಂದು ಕಥೆಯಿದೆ. ಹಿಂದೆ ಪಹಣಿಯ ಪುಸ್ತಕಗಳು ಸುಮಾರು 9,000 ಗ್ರಾಮಲೆಕ್ಕಿಗರ ವಶದಲ್ಲಿದ್ದುವು. ರೈತ ತನ್ನ ನೆಲದ ವಿವರವನ್ನು ತಿಳಿಯಬೇಕಾದರೆ ಅವರನ್ನು ಹುಡುಕಿಕೊಂಡು ಅಲೆಯಬೇಕು, ಕೆಲವೊಮ್ಮೆ ಕೈ ಬೆಚ್ಚಗೆ ಮಾಡಬೇಕು. ‘ಭೂಮಿ’ ಎಂಬ ಯೋಜನೆಯಲ್ಲಿ ರಾಜ್ಯ ಸರಕಾರ ಸುಮಾರು 67 ಲಕ್ಷ ರೈತರಿಗೆ ಸೇರಿದ 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿ, 2001–02ರ ಹೊತ್ತಿಗೆ 177 ತಾಲ್ಲೂಕು ಕೇಂದ್ರಗಳಲ್ಲಿ 15 ರೂಪಾಯಿಗೆ ಪಹಣಿ ದೊರೆಯುವಂತೆ ಮಾಡಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ತೀರಿಸಬೇಕೆಂಬ ಕಟ್ಟಳೆಯನ್ನು ಯಂತ್ರಕ್ಕೇ ಒಪ್ಪಿಸಲಾಯಿತು. ದಾಖಲೆಯನ್ನು ತಿದ್ದಿದ ನೌಕರ ಯಾರೆಂಬುದಕ್ಕೆ ಬೆರಳಗುರುತೇ ಸಾಕ್ಷಿಯಾಯಿತು. ನಾಡು ಮೆಚ್ಚಿದ ಕೆಲಸವಿದು, ಮೆಚ್ಚತಕ್ಕದ್ದೇ ಸರಿ.

ಆದರೆ ಯಂತ್ರ ತನಗೆ ಕೊಟ್ಟದ್ದನ್ನೇ ನಂಬುತ್ತದೆ. ಬೇರೊಂದು ತಾಲ್ಲೂಕಿನಲ್ಲಿ ನಮ್ಮ ತಂದೆಯವರ ಹೆಸರು ಪುಸ್ತಕದಿಂದ ಪರದೆಗೆ ಏರುವಾಗ ಒಂದು ಅಕ್ಷರ ಜಾರಿತು. ಆ ಒಂದು ಅಕ್ಷರಕ್ಕಾಗಿ ನಮ್ಮ ತಾಯಿ ಎರಡು ವರ್ಷ ಕಚೇರಿಗೆ ಅಲೆದರು. ಹಿಂದೆ ಲೆಕ್ಕಿಗರೊಡನೆ ವಾದಿಸಬಹುದಾಗಿತ್ತು. ಈಗ ಎಲ್ಲರೂ ಪರದೆಯ ಕಡೆಗೆ ಬೆರಳು ತೋರಿಸಿ ಸುಮ್ಮನಾಗುತ್ತಿದ್ದರು. ಇನ್ನು ಪಹಣಿಯೇ ಇಲ್ಲದ ಕೂಲಿಯವರ, ಮೌಖಿಕವಾಗಿ ಗೇಣಿಗೆ ಉಳುವವರ ಹೆಸರು ಯಾವ ಪರದೆಯಲ್ಲಿ ಮೂಡೀತು?

ಮಧ್ಯಾಹ್ನ ಪರಿಚಿತರೊಬ್ಬರ ಹೊಲಕ್ಕೆ ಹೋದೆವು. ಆಲೂಗೆಡ್ಡೆಯ ಗಿಡ ಮೊಣಕಾಲೆತ್ತರ ಬೆಳೆದಿತ್ತು. ತಣ್ಣನೆಯ ಮೋಡ, ಬಿಡದ ಜಿನುಗು ಸೇರಿದರೆ ಅಂಗಮಾರಿ ರೋಗ ಕೆಲವೇ ದಿನಗಳಲ್ಲಿ ಹೊಲವನ್ನು ಸುಟ್ಟಂತೆ ಮಾಡಿಬಿಡುತ್ತದೆ. ಔಷಧಿ ಸಿಂಪಡಿಸಿದ ಬೆನ್ನಿಗೇ ಮಳೆ ಬಂದರೆ ಹಣವೆಲ್ಲ ನೀರುಪಾಲು. ಆದುದರಿಂದ ನಾಳೆಯ ಮಳೆಯ ಸುದ್ದಿಗೆ ಇಲ್ಲಿ ರೂಪಾಯಿಯ ಬೆಲೆಯುಂಟು.

1988ರಲ್ಲಿ ಕರ್ನಾಟಕದಲ್ಲಿ ಬರ ಪರಿಸ್ಥಿತಿಯನ್ನು ಗಮನಿಸಲೆಂದು ಒಂದು ಘಟಕ ಹುಟ್ಟಿತು. ಅದೇ ಬೆಳೆದು ಇಂದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಅದು ನಿಲ್ಲಿಸಿರುವ ಮಳೆಮಾಪಕಗಳು ಬಿಸಿಲಿನಿಂದಲೇ ಶಕ್ತಿ ಪಡೆದು ಅಳತೆಯನ್ನು ಬೆಂಗಳೂರಿಗೆ ತಾವಾಗಿಯೇ ಕಳುಹಿಸುವಂಥವು. ರೈತ ಫೋನು ಮಾಡಿ ತನ್ನ ಊರಿನ ಹವೆಯನ್ನು ಕೇಳಲು ‘ವರುಣಮಿತ್ರ’ ಎಂಬ ಸಹಾಯವಾಣಿಯನ್ನೂ ಏರ್ಪಡಿಸಿದೆ.

“ಹಿಂದೆ ನಮ್ಮಪ್ಪ ಇರುವೆ ಸಾಲು ನೋಡೋರು, ನಾನು ಫೋನು ನೋಡ್ತೀನಿ. ಇರುವೆನೂ ಒಂದೊಂದು ಸಲ ಸುಳ್ಳು ಹೇಳ್ತಿತ್ತು ಬಿಡಿ” ಎಂದರು ನಮ್ಮ ಪರಿಚಿತರು. ಎಂಥ ನ್ಯಾಯವಾದ ಮಾತು!

ಮಳೆಯ ಚಿಂತೆ ಮುಗಿಯಿತೆನ್ನುವಾಗ ಆನೆಯ ಮಾತು ಬಂತು. ನೆರೆಯ ಆಲೂರು, ಸಕಲೇಶಪುರಗಳಲ್ಲಿ ಕಾಫಿ ತೋಟ, ಗದ್ದೆಗಳ ನಡುವೆಯೇ ಆನೆಗಳು ಸಂಚರಿಸುತ್ತವೆ. 2014ರಲ್ಲಿ ಆ ಭಾಗದ 22 ಆನೆಗಳನ್ನು ಹಿಡಿದು ಸಾಗಿಸಿದರೂ ತೊಂದರೆ ತೀರಲಿಲ್ಲ. ಅದಕ್ಕಿಂತ ಮೊದಲೇ ತಮಿಳುನಾಡಿನ ವಾಲ್ಪಾರೆಯ ಚಹಾ ತೋಟಗಳಲ್ಲಿ ಒಂದು ಸರಳ ಉಪಾಯ ಹೂಡಲಾಗಿತ್ತು: ಆನೆ ಎಲ್ಲಿದೆಯೆಂಬುದನ್ನು ಸಂಜೆಯೊಳಗೆ ಜನರ ಫೋನಿಗೆ ತಿಳಿಸುವುದು, ಹಿಂಡು ಬಂದೆಡೆ ಕೆಂಪು ದೀಪ ಬೆಳಗಿಸುವುದು. ಹಾಸನ ಜಿಲ್ಲೆಯಲ್ಲಿಯೂ ಸಂದೇಶಗಳು, ಧ್ವನಿಕರೆಗಳು, ರಸ್ತೆಬದಿಯ ಎಚ್ಚರಿಕೆಯ ಫಲಕಗಳು ಬಂದುವು. ಇದರಿಂದ ಬೆಳೆ ಉಳಿಯುವುದೆಂದು ಹೇಳಲಾರೆ. ಆದರೆ ಮುಸ್ಸಂಜೆ ತೋಟದಿಂದ ಹಿಂದಿರುಗುವ ಕೂಲಿಯಾಳಿನ ಪ್ರಾಣ ಉಳಿಯಬಹುದು. ಓದಲು ಬಾರದವರಿಗೆ ಅಕ್ಷರಕ್ಕಿಂತ ಧ್ವನಿಯೇ ಮೇಲು.

ಇಳಿಹೊತ್ತಿಗೆ ರಾಮನಾಥಪುರಕ್ಕೆ ಹೋಗಿ ಕಾವೇರಿಯ ಮೆಟ್ಟಿಲ ಮೇಲೆ ಕುಳಿತೆ. ರಾಮೇಶ್ವರನ ಗುಡಿಯ ಗಂಟೆ ಕೇಳಿಸುತ್ತಿತ್ತು. ಬಂಡೆಗಳ ನಡುವೆ ನೀರು ಯಾರ ಖಾತೆಗೂ ಸೇರದೆ ತನ್ನ ಪಾಡಿಗೆ ಹರಿಯುತ್ತಿತ್ತು.

ಅಲ್ಲಿಂದ ಹಿಂದಿರುಗಿದಾಗ ಅರಕಲಗೂಡಿನ ಬಸ್ ನಿಲ್ದಾಣದಲ್ಲಿ ಬೆಳಗಿನ ವೃದ್ಧೆ ಮತ್ತೆ ಸಿಕ್ಕಿದರು. ಜೊತೆಗೆ ಶಾಲೆಯ ಚೀಲ ಹೊತ್ತ ಮೊಮ್ಮಗಳು.

“ಏನಾಯಿತಮ್ಮ?” ಎಂದೆ.

“ಅರ್ಜಿ ತಗಂಡರು ಸ್ವಾಮಿ. ಫೋನಿಗೆ ಬತ್ತದಂತೆ. ಬಂದರೆ ಇವಳು ಓದಿ ಹೇಳ್ತಾಳೆ.”

ಮೊಮ್ಮಗಳು ಫೋನನ್ನು ಎರಡು ಕೈಗಳಲ್ಲಿ ಭದ್ರವಾಗಿ ಹಿಡಿದಿದ್ದಳು. ಮಾಪಕ, ಪರದೆ, ಸಂದೇಶ ಎಲ್ಲವೂ ಸರಿಯೇ. ಕೊನೆಗೆ ಓದಿ ಹೇಳುವ ಒಂದು ಪ್ರೀತಿಯ ಕಂಠ ಬೇಕಲ್ಲವೆ? ಆಕೆಯ ಹೆಸರು ಪಹಣಿಯಲ್ಲಿ ಮೂಡುವ ದಿನ ಬೇಗ ಬರಲೆಂದು ಹಾರೈಸಿ ಹಾಸನದ ಬಸ್ಸನ್ನೇರಿದೆ.