ಸಿಂಗಪುರದ ನೀಲಿ ಗೆರೆ

“ಇನ್ನೊಂದು ಊರಿನಲ್ಲಿ ಚೀಲ ಕಾಯೋಕೆ ನಾನು ಬರಲ್ಲ. ನೀವೆಲ್ಲ ಹೋಗಿ ಬನ್ನಿ.”

ಹುಣಸೆಹಣ್ಣಿನ ಬೀಜ ಬಿಡಿಸುತ್ತಾ, ತಲೆಯನ್ನೂ ಎತ್ತದೆ ನಮ್ಮಾಕೆ ಹೇಳಿದ ಮಾತು ಇದು. ಬೇಸಿಗೆ ರಜೆಗೆಂದು ಮಗ ಬೆಂಗಳೂರಿನಿಂದ ಮೊಮ್ಮಗಳು ಪುಟ್ಟಿಯನ್ನು ಹಾಸನಕ್ಕೆ ಕರೆತಂದಿದ್ದ. “ದಸರಾ ರಜೆಗೆ ನಾವು ನಾಲ್ಕು ಜನ ಸಿಂಗಪುರಕ್ಕೆ ಹೋಗೋಣವಾ ಅಪ್ಪ?” ಎಂದು ಅವನು ಕೇಳಿದ್ದೇ ತಡ, ನಾನು ಕಾಗದ ಪೆನ್ನು ಹಿಡಿದು ಕೂತುಬಿಟ್ಟಿದ್ದೆ. ಸೊಸೆಗೆ ರಜೆ ಸಿಗುವಂತಿರಲಿಲ್ಲ. ಉಳಿದ ನಾಲ್ವರಲ್ಲಿ ಒಬ್ಬರು ಹೀಗೆಂದರು.

ಅವಳ ಮಾತಿಗೆ ಕಾರಣವಿತ್ತು. ಐದು ವರ್ಷದ ಹಿಂದೆ ಜೈಪುರಕ್ಕೆ ಹೋಗಿದ್ದಾಗ ಕೋಟೆಯ ಏರು ಕಂಡು ಅವಳ ಮಂಡಿ ಹೂಂ ಅನ್ನಲಿಲ್ಲ. “ಇಲ್ಲೇ ಕೂತಿರು, ಈಗ ಬಂದೆ” ಎಂದು ಚೀಲಗಳನ್ನೆಲ್ಲ ಅವಳ ಪಕ್ಕದಲ್ಲಿಟ್ಟು ಹೋದವನು ನಾನು ಎರಡು ಗಂಟೆ ಬಿಟ್ಟು ಬಂದೆ. ಬಂದವನು ಕೋಟೆಯ ಇತಿಹಾಸವನ್ನೂ ಹೇಳಿದೆ. ಅವಳು ಏನೂ ಅನ್ನಲಿಲ್ಲ. ಅಂದಿದ್ದರೆ ಅವತ್ತೇ ಮುಗಿಯುತ್ತಿತ್ತು.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು. ನನ್ನ ಪ್ರವಾಸದ ಯೋಜನೆಯೂ ಶಾಲೆಯ ವೇಳಾಪಟ್ಟಿಯಂತೆಯೇ ಇತ್ತು: ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ, ದಿನಕ್ಕೆ ಆರು ಜಾಗ, ಊಟಕ್ಕೆ ಮುಕ್ಕಾಲು ಗಂಟೆ. ಪುಟ್ಟಿ ಏಳನೆಯ ಕ್ಲಾಸು. ಅದನ್ನು ಪೂರ್ತಿ ಓದಿ ಒಂದೇ ಪ್ರಶ್ನೆ ಕೇಳಿದಳು:

“ತಾತ, ಇದರಲ್ಲಿ ಅಜ್ಜಿ ಎಲ್ಲಿ ಕೂತ್ಕೋತಾಳೆ?”

ನನ್ನಲ್ಲಿ ಉತ್ತರವಿರಲಿಲ್ಲ. ಅವಳು ತನ್ನ ಹಳೆಯ ಗಣಿತದ ನೋಟ್‌ಬುಕ್ಕಿನ ಖಾಲಿ ಹಾಳೆಗೆ ನಾಲ್ಕು ಕಲಂ ಎಳೆದಳು. ಜಾಗ, ಹೋಗುವ ದಾರಿ, ಅಜ್ಜಿ ಕೂರುವ ಜಾಗ, ಅಜ್ಜಿ ತಿನ್ನುವುದು. ಮೂರನೆಯ ಕಲಂ ಖಾಲಿ ಉಳಿದರೆ ಆ ಜಾಗ ರದ್ದು ಎಂದೂ ತೀರ್ಮಾನವಾಯಿತು. ನನ್ನ ಪಟ್ಟಿಯ ಅರ್ಧ ಆ ಸಂಜೆಯೇ ಹೋಯಿತು.

ಸಿಂಗಪುರ ಬಹಳ ಚಿಕ್ಕ ದೇಶ ಮಕ್ಕಳೇ. ಸುಮಾರು 730 ಚದರ ಕಿಲೋಮೀಟರ್. ನಮ್ಮ ಹಾಸನ ಜಿಲ್ಲೆಯೊಳಗೆ ಅಂಥ ಒಂಬತ್ತು ದೇಶ ಹಿಡಿಸುತ್ತವೆ. ಅಷ್ಟರಲ್ಲೇ ಸುಮಾರು 60 ಲಕ್ಷ ಜನ. ನಾಲ್ಕು ಆಡಳಿತ ಭಾಷೆಗಳು: ಇಂಗ್ಲಿಷ್, ಚೀನೀ, ಮಲಯ್, ತಮಿಳು. ರಾಷ್ಟ್ರಗೀತೆ ಮಾತ್ರ ಮಲಯ್‌ನಲ್ಲಿ. ಅಷ್ಟು ಚಿಕ್ಕ ಊರಾದ್ದರಿಂದ ನೆಲದಡಿಯ ರೈಲಿನ ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿ ಇಡೀ ದೇಶ ನೋಡಬಹುದು. ಪುಟ್ಟಿ ಹಾಗೇ ನೋಡಿದಳು. ನೋಡುತ್ತಾ ನೋಡುತ್ತಾ “ತಾತ, ನೀಲಿ ಗೆರೆ!” ಎಂದು ಕೂಗಿದಳು.

ಡೌನ್‌ಟೌನ್ ಲೈನ್ ಎಂಬ ರೈಲು ಮಾರ್ಗಕ್ಕೆ ನಕ್ಷೆಯಲ್ಲಿ ನೀಲಿ ಬಣ್ಣ. ಅದರ ಮೇಲೆ ಬೆರಳಿಟ್ಟು ಎಳೆದರೆ ಬೊಟಾನಿಕ್ ಗಾರ್ಡನ್ಸ್, ಲಿಟ್ಲ್ ಇಂಡಿಯಾ, ಬುಗಿಸ್, ಕೊಲ್ಲಿಯ ಪಕ್ಕದ ಬೇಫ್ರಂಟ್, ತೆಲೋಕ್ ಆಯರ್, ಚೈನಾಟೌನ್ ಎಲ್ಲ ಸಾಲಾಗಿ ಸಿಗುತ್ತವೆ. ಹೂದೋಟ, ನಮ್ಮವರ ಬೀದಿ, ಮಲಯ್ ಜನರ ಹಳೆಯ ಕೇರಿ, ಚೀನೀ ಕೇರಿ ಎಲ್ಲವೂ ಒಂದೇ ಗೆರೆಯ ಮೇಲೆ. ಗಾಡಿ ಬದಲಿಸಬೇಕಿಲ್ಲ. ನಿಲ್ದಾಣಗಳಲ್ಲಿ ಲಿಫ್ಟ್ ಇದೆ. ಲಿಟ್ಲ್ ಇಂಡಿಯಾದ ಹತ್ತಿರವೇ ವಸತಿ ಹಿಡಿದರೆ ಅಜ್ಜಿ ಮಧ್ಯಾಹ್ನ ಬಂದು ಮಲಗಿ, ಬಿಸಿಲು ಇಳಿದ ಮೇಲೆ ಮತ್ತೆ ಹೊರಡಬಹುದು. ಆ ಊರು ಭೂಮಧ್ಯ ರೇಖೆಯಿಂದ ಕೇವಲ 137 ಕಿ.ಮೀ. ಮೇಲಿದೆ. ವರ್ಷವಿಡೀ ಒಂದೇ ಸೆಖೆ, ಯಾವ ತಿಂಗಳಾದರೂ ಮಳೆ. ಮಧ್ಯಾಹ್ನ ಮಲಗುವುದು ಅಲ್ಲಿ ಸೋಮಾರಿತನವಲ್ಲ.

ಪುಟ್ಟಿಗೆ ಯೂನಿವರ್ಸಲ್ ಸ್ಟುಡಿಯೋಸ್ ನೋಡುವ ಆಸೆ ಜೋರಾಗಿತ್ತು. ಅದು ನೀಲಿ ಗೆರೆಯ ಮೇಲಿಲ್ಲ, ಅಜ್ಜಿಗೆ ಅಲ್ಲಿ ಕೆಲಸವೂ ಇಲ್ಲ. ಏನೂ ಹೇಳದೆ ತಾನೇ ಅಡ್ಡಗೆರೆ ಎಳೆದಳು. ಮಾರನೆಯ ಬೆಳಿಗ್ಗೆ ನೋಡಿದರೆ ಆ ಅಡ್ಡಗೆರೆಯ ಪಕ್ಕದಲ್ಲಿ ನಮ್ಮಾಕೆಯ ಗುಂಡು ಅಕ್ಷರ: ‘ಇದು ಇರಲಿ. ಅಪ್ಪ ಮಗಳು ಹೋಗುವುದು. ನಾವಿಬ್ಬರು ಹೂದೋಟದಲ್ಲಿ ಇರುತ್ತೇವೆ.’ ಬರುತ್ತೇನೆಂದು ಅವಳು ಬಾಯಿಬಿಟ್ಟು ಹೇಳಲಿಲ್ಲ. ನಾವೂ ಕೇಳಲಿಲ್ಲ.

ನಾಲ್ಕನೆಯ ಕಲಮ್ಮಿಗೆ ಅಷ್ಟೇನೂ ಕಷ್ಟವಾಗಲಿಲ್ಲ. ಸೆರಾಂಗೂನ್ ರಸ್ತೆಯಲ್ಲಿ ಕೋಮಳ ವಿಲಾಸ ಎಂಬ ಸಸ್ಯಾಹಾರಿ ಹೋಟೆಲು 1947ರಿಂದ ನಡೆಯುತ್ತಿದೆ. ಇನ್ನೊಂದು ಸಂಗತಿ ನನಗೇ ಹೊಸದು. ಚೀನೀಯರ ಪಂಚಾಂಗದ ಒಂಬತ್ತನೆಯ ತಿಂಗಳ ಮೊದಲ ಒಂಬತ್ತು ದಿನ ‘ಒಂಬತ್ತು ಚಕ್ರವರ್ತಿ ದೇವರು’ಗಳ ಹಬ್ಬ. ಭಕ್ತರು ಬಿಳಿ ಬಟ್ಟೆ ಉಟ್ಟು ಮಾಂಸ ಬಿಡುತ್ತಾರೆ. ಅವರದೂ ಅಮಾವಾಸ್ಯೆ ಲೆಕ್ಕದ ತಿಂಗಳಾದ್ದರಿಂದ ಅದು ಎಷ್ಟೋ ವರ್ಷ ನಮ್ಮ ನವರಾತ್ರಿಯ ಜೊತೆಗೇ ಬೀಳುತ್ತದೆ. ಅವರಿಗೂ ಅಧಿಕಮಾಸ ಉಂಟು. ಅದು ಬೇರೆ ಹೊತ್ತಿಗೆ ಬಂದರೆ ಮಾತ್ರ ಹೆಚ್ಚುಕಡಿಮೆ. ನಾವು ಹೊರಟ ವರ್ಷ ಎರಡೂ ಒಟ್ಟಿಗೆ ಬಂದಿದ್ದವು. ನಮ್ಮ ಮನೆಯಲ್ಲಿ ಗೊಂಬೆ ಕೂರಿಸುವ ಪದ್ಧತಿಯಿಲ್ಲ, ಹಾಗಾಗಿ ಹೊರಡಲು ಅಡ್ಡಿಯಿರಲಿಲ್ಲ.

ಕಾಗದಪತ್ರದ ಮಾತನ್ನೂ ಹೇಳಿಬಿಡುತ್ತೇನೆ, ಹೋಗುವ ಅಜ್ಜ ಅಜ್ಜಿಯರಿಗೆ ಬೇಕಾದೀತು. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಅವಧಿ ಇರಬೇಕು. ವೀಸಾ ಬೇಕು. ತಲುಪುವ ಮೂರು ದಿನದೊಳಗೆ ಆಗಮನದ ಕಾರ್ಡನ್ನು ಮೊಬೈಲಿನಲ್ಲೇ ತುಂಬಬೇಕು. ಅದು ಪುಕ್ಕಟೆ, ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಮಾತ್ರೆಗಳ ಜೊತೆ ಡಾಕ್ಟರ ಚೀಟಿ ಇರಲಿ. ನಲ್ಲಿ ನೀರು ಕುಡಿಯಬಹುದು, ಬಾಟಲಿ ಮರೆಯಬೇಡಿ. ಚ್ಯೂಯಿಂಗ್ ಗಮ್ ಒಯ್ಯಬೇಡಿ, 1992ರಿಂದ ಅದಕ್ಕೆ ನಿಷೇಧವಿದೆ.

ವಿಮಾನದಲ್ಲಿ ನಾಲ್ಕೂವರೆ ಗಂಟೆ. ಗಡಿಯಾರವನ್ನು ಎರಡೂವರೆ ಗಂಟೆ ಮುಂದೆ ತಿರುಗಿಸಿದ್ದಾಯಿತು.

ಮೊದಲ ದಿನವೇ ನನ್ನ ಮೇಷ್ಟರಗಿರಿಗೆ ಪೆಟ್ಟು ಬಿತ್ತು. ನಮ್ಮಾಕೆಯ ತವರು ಕೋಲಾರದ ಚಿನ್ನದ ಗಣಿಯ ಕಡೆ. ಮೂವತ್ತೈದು ವರ್ಷದಿಂದ ಹಾಸನದಲ್ಲಿ ಉಪಯೋಗಕ್ಕೆ ಬಾರದ ಅವಳ ತಮಿಳು ಸೆರಾಂಗೂನ್ ರಸ್ತೆಯಲ್ಲಿ ಸರಾಗವಾಗಿ ಹೊರಬಂತು. ಹೂ ಮಾರುವವನ ಜೊತೆ ಮಲ್ಲಿಗೆಗೆ ಚೌಕಾಸಿ, ದಾರಿ ಕೇಳುವುದು, ರೈಲಿನಲ್ಲಿ ನಾಲ್ಕು ಭಾಷೆಯಲ್ಲಿ ಎಚ್ಚರಿಕೆ ಹೇಳಿದಾಗ ತಮಿಳಿನದನ್ನು ನಮಗೆ ಕನ್ನಡದಲ್ಲಿ ಹೇಳುವುದು ಎಲ್ಲ ಅವಳದೇ. ನನ್ನ ಇಂಗ್ಲಿಷನ್ನು ಯಾರೂ ಕೇಳಲಿಲ್ಲ.

ಚೈನಾಟೌನಿನಲ್ಲಿ ನೋಡಬೇಕಾದ್ದು ಸೌತ್ ಬ್ರಿಡ್ಜ್ ರಸ್ತೆ. ಚೀನೀ ಕೇರಿಯ ನಡುವೆ 1827ರ ಮಾರಿಯಮ್ಮನ ಗುಡಿ. ರಾಫೆಲ್ಸ್ ಜೊತೆ 1819ರಲ್ಲಿ ಬಂದ ನಾರಾಯಣ ಪಿಳ್ಳೆ ಕಟ್ಟಿಸಿದ್ದು. ಅದರ ಹತ್ತಿರವೇ ಚೂಲಿಯ ಮುಸಲ್ಮಾನರ ಮಸೀದಿ, ಗುಡಿಗಿಂತ ಒಂದು ವರ್ಷ ಹಳೆಯದು. ಪಕ್ಕದ ಬೀದಿಗೆ ಪಗೋಡಾ ಸ್ಟ್ರೀಟ್ ಎಂದು ಹೆಸರು. ಚೀನೀ ಪಗೋಡ ಎಲ್ಲಿದೆ ಎಂದು ನಾನು ಕತ್ತೆತ್ತಿ ಹುಡುಕಿದೆ. ಪಗೋಡ ಅಂದದ್ದು ನಮ್ಮ ಮಾರಿಯಮ್ಮನ ಗೋಪುರವನ್ನೇ!

ಇದೆಲ್ಲ ತಾನಾಗಿ ಆದದ್ದಲ್ಲ. 1964ರಲ್ಲಿ ಆ ಊರಿನಲ್ಲಿ ಚೀನೀಯರಿಗೂ ಮಲಯರಿಗೂ ದೊಡ್ಡ ಗಲಭೆಗಳಾಗಿ ಜನ ಸತ್ತಿದ್ದರು. ಮರುವರ್ಷ ಸಿಂಗಪುರ ಮಲೇಷ್ಯಾದಿಂದ ಬೇರೆಯಾಯಿತು. ಅಲ್ಲಿ ಬಹುಪಾಲು ಜನ ಸರ್ಕಾರ ಕಟ್ಟಿದ ಫ್ಲ್ಯಾಟುಗಳಲ್ಲಿದ್ದಾರೆ. ಒಂದೊಂದು ಕಟ್ಟಡದಲ್ಲೂ ಯಾವ ಜನಾಂಗದವರು ಎಷ್ಟು ಪಾಲು ಇರಬಹುದೆಂದು 1989ರಿಂದ ಕಾನೂನೇ ಇದೆ. ಮನೆ ಮಾರುವವನಿಗೆ ಬೇಕಾದ ಗಿರಾಕಿ ಸಿಗದೆ ಇದರಿಂದ ನಷ್ಟವಾಗುವುದೂ ಉಂಟು. ಆದರೂ ಒಂದೇ ಲಿಫ್ಟಿನಲ್ಲಿ ದಿನಾ ಮೇಲೆ ಕೆಳಗೆ ಹೋಗುವವರಿಗೆ ಪಕ್ಕದವರ ಹಬ್ಬ ಯಾವತ್ತು ಎಂದು ತಿಳಿಯದೆ ಇರುತ್ತದೆಯೇ? ಬಲವಂತದಿಂದ ಆದರೂ ಒಳ್ಳೆಯದೇ ಆಗಿದೆ ಎಂದು ನನಗನ್ನಿಸಿತು. ಮಗ ಒಪ್ಪಲಿಲ್ಲ. ರಾತ್ರಿ ಹತ್ತರವರೆಗೆ ವಾದವಾಯಿತು.

ಮೂರನೆಯ ದಿನ ಬುಗಿಸ್‌ನಲ್ಲಿ ಇಳಿದು ವಾಟರ್‌ಲೂ ಬೀದಿಗೆ ಹೋದೆವು. ಅಲ್ಲಿ ಕರುಣೆಯ ದೇವತೆ ಗುವಾನ್‌ಯಿನ್‌ಳ ಚೀನೀ ಗುಡಿ ಇದೆ. ಅದರ ಮಗ್ಗುಲಲ್ಲೇ 1870ರ ಶ್ರೀಕೃಷ್ಣನ ಗುಡಿ. ಚೀನೀ ಗುಡಿಯಿಂದ ಹೊರಬಂದ ಒಬ್ಬ ಮುದುಕಿ ಕೃಷ್ಣನ ಬಾಗಿಲ ಮುಂದೆ ನಿಂತು, ಊದುಬತ್ತಿ ಹಣೆಗೆ ಹಿಡಿದು ಮೂರು ಸಲ ಬಾಗಿ, ಹೊರಗಿದ್ದ ದೊಡ್ಡ ಧೂಪದ ಪಾತ್ರೆಗೆ ಸಿಕ್ಕಿಸಿ ಹೋದಳು. ಅವಳ ಹಿಂದೆ ಇನ್ನೊಬ್ಬಳು. ಆಮೇಲೆ ಆಫೀಸಿಗೆ ಹೊರಟ ಹುಡುಗನೊಬ್ಬ. ನಮ್ಮಾಕೆ ಬೆರಗಾಗಿ ನೋಡಿದಳು.

“ನಾನು ಒಳಗೆ ಹೋಗಿಬರ್ತೀನಿ. ನೀವು ಇಲ್ಲೇ ಕೂತಿರಿ, ಈಗ ಬಂದೆ” ಎಂದು ತನ್ನ ಚಪ್ಪಲಿ, ಚೀಲ, ಛತ್ರಿ, ಪುಟ್ಟಿಯ ಬ್ಯಾಗು ಎಲ್ಲವನ್ನೂ ನನ್ನ ಪಕ್ಕದಲ್ಲಿಟ್ಟಳು. ಮೊಮ್ಮಗಳ ಕೈಹಿಡಿದು ಒಳಗೆ ಹೋದವಳು ಮುಕ್ಕಾಲು ಗಂಟೆ ಬರಲಿಲ್ಲ. ಬಂದವಳು ಅರ್ಚಕರು ಹೇಳಿದ್ದನ್ನೆಲ್ಲ ನನಗೆ ವಿವರವಾಗಿ ಹೇಳಿದಳು. ನಾನು ಏನೂ ಅನ್ನಲಿಲ್ಲ. ಎಷ್ಟು ಹೊತ್ತು ಕಾಯಿಸಿದಳು ಎಂದು ಪುಟ್ಟಿ ನೋಟ್‌ಬುಕ್ಕಿನ ಮೂರನೆಯ ಕಲಮ್ಮಿನಲ್ಲಿ ‘ತಾತ ಕೂರುವ ಜಾಗ: 45 ನಿಮಿಷ’ ಎಂದು ಬರೆದಿಟ್ಟಿದ್ದಾಳೆ.

ಅಪ್ಪ ಮಗಳು ಯೂನಿವರ್ಸಲ್‌ಗೆ ಹೋದ ದಿನ ನಾವಿಬ್ಬರೂ 1859ರ ಆ ಹೂದೋಟದಲ್ಲಿ ಒಂದು ಮರದಿಂದ ಇನ್ನೊಂದಕ್ಕೆ, ಒಂದು ಬೆಂಚಿನಿಂದ ಇನ್ನೊಂದಕ್ಕೆ ನಿಧಾನ ಹೋದೆವು. ಪ್ರವೇಶ ಉಚಿತ. ಆರ್ಕಿಡ್ ತೋಟಕ್ಕೆ ಮಾತ್ರ ಟಿಕೆಟ್ಟು. ಅಷ್ಟು ಹೊತ್ತು ಇಬ್ಬರೇ ಕೂತು ಮಾತಾಡಿದ್ದು ಯಾವ ಕಾಲದಲ್ಲೋ!

ಕೊನೆಯ ಸಂಜೆ ಟೆಕ್ಕಾ ಸೆಂಟರ್. ಬೀದಿಬದಿಯ ಅಡುಗೆಯವರನ್ನೆಲ್ಲ ಒಂದೇ ಸೂರಿನಡಿ ತಂದ ಇಂಥ ಹಾಕರ್ ಸೆಂಟರುಗಳ ಊಟದ ಸಂಸ್ಕೃತಿಯನ್ನು ಯುನೆಸ್ಕೊ 2020ರಲ್ಲಿ ಪಟ್ಟಿಗೆ ಸೇರಿಸಿದೆ. ಕಾಫಿಗೆ ‘ಕೋಪಿ’ ಅನ್ನಬೇಕು. ಹಾಲು ಬೇಡವಾದರೆ ‘ಕೋಪಿ ಓ’, ಸಕ್ಕರೆಯೂ ಬೇಡವಾದರೆ ‘ಕೋಪಿ ಓ ಕೋಸೋಂಗ್’. ಓ ಎಂಬುದು ಚೀನೀಯರ ಹೊಕ್ಕಿಯನ್ ಮಾತಿನ ಕಪ್ಪು, ಕೋಸೋಂಗ್ ಎಂಬುದು ಮಲಯ್‌ನ ಖಾಲಿ. ಬ್ರೆಡ್ಡಿಗೆ ಸವರುವ ‘ಕಾಯಾ’ ತೆಂಗಿನ ಹಾಲಿನದೆಂದು ಮೋಸಹೋಗಬೇಡಿ, ಅದರಲ್ಲಿ ಮೊಟ್ಟೆ ಇರುತ್ತದೆ.

ಮೇಜುಗಳೆಲ್ಲ ಭರ್ತಿ. ಖಾಲಿಯಿದ್ದ ಒಂದು ಮೇಜಿನ ಮೇಲೆ ಟಿಶ್ಯೂ ಕಾಗದದ ಸಣ್ಣ ಪೊಟ್ಟಣ. ಯಾರೋ ಮರೆತಿರಬೇಕೆಂದು ನಾನು ಕೂರಲು ಹೋದರೆ ಪಕ್ಕದವರು ಕೈಯಲ್ಲೇ ಬೇಡವೆಂದರು. ಅಲ್ಲಿ ಪೊಟ್ಟಣ ಇಟ್ಟರೆ ಜಾಗ ಹಿಡಿದ ಹಾಗೆ. ನಮ್ಮ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆಯುವುದಿಲ್ಲವೇ, ಅದೇ.

“ಅಂದ್ರೆ ಯಾರೂ ಕಾಯ್ತಾ ಕೂರಬೇಕಾಗಿಲ್ಲ” ಎಂದಳು ನಮ್ಮಾಕೆ. ಇನ್ನೊಂದು ಮೇಜು ಖಾಲಿಯಾದ ಕೂಡಲೇ ತನ್ನ ಪರ್ಸಿನಿಂದ ಒಂದು ಪೊಟ್ಟಣ ತೆಗೆದು ಅದರ ಮೇಲಿಟ್ಟು, ದೋಸೆ ಆರಿಸಲು ನಮ್ಮೆಲ್ಲರಿಗಿಂತ ಮುಂದೆ ಹೊರಟಳು.

ಬೆಂಗಳೂರಿಗೆ ಬಂದಿಳಿದು ಹಾಸನದ ಬಸ್ಸು ಹತ್ತಿದೆವು. ಕಿಟಕಿಯ ಪಕ್ಕದ ಸೀಟಿನ ಮೇಲೆ ಅವಳು ಅದೇ ಪೊಟ್ಟಣವನ್ನು ಇಟ್ಟು, ನೀರಿನ ಬಾಟಲಿ ಕೊಳ್ಳಲು ಕೆಳಗಿಳಿದಳು. ನಾನು ಅತ್ತಿತ್ತ ನೋಡಿ ಅದರ ಮೇಲೆ ನನ್ನ ಟವೆಲ್ಲನ್ನೂ ಹಾಸಿದೆ.