ತಟ್ಟನೆ ಎಂದು ಬರೆದರೆ

ಹಾರರ್ ಸಿನಿಮಾದ ಒಂದು ದೃಶ್ಯವನ್ನು ಗದ್ಯಕ್ಕಿಳಿಸೋಣವೆಂದು ಒಂದು ರಾತ್ರಿ ಕೂತೆ. ‘ಬಾಗಿಲು ಕಿರ್ರ್ ಎಂದಿತು’ ಅಂತ ಬರೆದು ಓದಿಕೊಂಡರೆ ನನಗೇ ನಗು. ಥಿಯೇಟರಿನಲ್ಲಿ ಬೆನ್ನಲ್ಲಿ ಚಳಿ ಹುಟ್ಟಿಸಿದ ಸದ್ದು ಕಾಗದದ ಮೇಲೆ ಎಣ್ಣೆ ಕಾಣದ ತಿರುಗಣಿಯಾಗಿತ್ತು. ‘ತಟ್ಟನೆ’ ಎಂಬ ಪದವಂತೂ ನಂಬಿಕೆಗೆಟ್ಟದ್ದು. ಅದನ್ನು ಓದಿ ಮುಗಿಸುವಷ್ಟರಲ್ಲಿ ಕಳ್ಳಗಣ್ಣು ಕೆಳಗಿನ ಸಾಲಿಗೆ ಜಾರಿ, ಯಾರು ಸತ್ತರೆಂದು ನೋಡಿಕೊಂಡು ಬಂದಿರುತ್ತದೆ.

ನಮ್ಮಲ್ಲಿ ದಾರಿ ಹೆಚ್ಚಾಗಿ ಕಾದಂಬರಿಯಿಂದ ಸಿನಿಮಾಕ್ಕೆ. ತ್ರಿವೇಣಿಯವರ ‘ಶರಪಂಜರ’ ಪುಟ್ಟಣ್ಣನವರ ಕೈ ಸೇರಿದ ಹಾಗೆ. ಅಮೆರಿಕದಲ್ಲಿ ಎಪ್ಪತ್ತರ ದಶಕದಲ್ಲಿ ಇದರ ಉಲ್ಟಾ ಕಸುಬು ಜೋರಾಗಿತ್ತು. ವಿಡಿಯೊ ಕ್ಯಾಸೆಟ್ಟು ಮನೆಮನೆಗೆ ಬರುವ ಮುಂಚೆ, ನೋಡಿದ ಸಿನಿಮಾವನ್ನು ಮನೆಗೆ ಕೊಂಡೊಯ್ಯಲು ಇದ್ದ ಉಪಾಯ ಅಗ್ಗದ ಪೇಪರ್‌ಬ್ಯಾಕ್. 1976ರ ‘ದಿ ಓಮನ್’ ಚಿತ್ರಕಥೆ ಬರೆದ ಡೇವಿಡ್ ಸೆಲ್ಟ್ಜರ್ ಕಾದಂಬರಿಯನ್ನೂ ತಾನೇ ಬರೆದ, ಭರ್ಜರಿ ಖರ್ಚಾಯಿತು.

ನನ್ನನ್ನು ಕಾಡುವುದು ಮಾತ್ರ ‘ಹ್ಯಾಲೋವೀನ್’. ಜಾನ್ ಕಾರ್ಪೆಂಟರ್‌ನ ಆ 1978ರ ಸಿನಿಮಾದಲ್ಲಿ ಮುಖವಾಡದ ಮೈಕೆಲ್ ಮೈಯರ್ಸ್ ಏಕೆ ಕೊಲ್ಲುತ್ತಾನೆ? ಯಾರಿಗೆ ಗೊತ್ತು! ಮುಖವಾಡದವನ ಪಾತ್ರಕ್ಕೆ ಹೆಸರಿನ ಪಟ್ಟಿಯಲ್ಲಿ ಹೆಸರೂ ಇಲ್ಲ, ಬರೀ ‘ಆಕಾರ’. ಅವನು ಬೇಲಿಯ ಪಕ್ಕ ಸುಮ್ಮನೆ ನಿಲ್ಲುತ್ತಾನೆ. ಕಾರ್ಪೆಂಟರ್ ತಾನೇ ಕಟ್ಟಿದ ಐದರ ಎಣಿಕೆಯ ಪಿಯಾನೊ ಮಿಕ್ಕ ಕೆಲಸ ಮಾಡುತ್ತದೆ. ಪಾಪ, ಕಾದಂಬರಿಕಾರನಿಗೆ ಪಿಯಾನೊ ಎಲ್ಲಿಂದ ಬರಬೇಕು? ಸುಮ್ಮನೆ ನಿಂತವನಿಂದ ಎಷ್ಟು ಪುಟ ತುಂಬೀತು? 1979ರಲ್ಲಿ ಕರ್ಟಿಸ್ ರಿಚರ್ಡ್ಸ್ ಎಂಬ ಹೆಸರಿನಲ್ಲಿ ಬಂದ ಪುಸ್ತಕ ಪ್ರಾಚೀನ ಕೆಲ್ಟ್ ಜನರ ಹಬ್ಬಕ್ಕೇ ಹೋಗಿ ಶುರುವಾಗುತ್ತದೆ. ಒಲ್ಲೆನೆಂದ ರಾಜಕುಮಾರಿ, ಕೊಲೆ, ಶಾಪ. ಆಮೇಲೆ ಪುಟ್ಟ ಮೈಕೆಲ್‌ನ ಕಿವಿಯಲ್ಲಿ ಯಾರದೋ ದನಿಗಳು. ಕೊಲೆಗಾರನ ಜಾತಕವನ್ನೇ ಬಿಡಿಸಿಟ್ಟಂತೆ. ಓದುತ್ತಾ ಹೋದರೆ ಭಯ ಹೋಗಿ, ಈ ಹುಡುಗನಿಗೊಂದು ಶಾಂತಿ ಮಾಡಿಸಬಹುದಿತ್ತಲ್ಲ ಅನ್ನಿಸುತ್ತದೆ.

ಅದೇ ವರ್ಷ ‘ಏಲಿಯನ್’ ಸಿನಿಮಾವನ್ನು ಕಾದಂಬರಿಯಾಗಿಸಿದ ಆಲನ್ ಡೀನ್ ಫಾಸ್ಟರ್‌ನ ಕಥೆ ಬೇರೆ. ಕೈಯಲ್ಲಿ ಚಿತ್ರಕಥೆಯಿತ್ತು, ಆದರೆ ಕಲಾವಿದ ಗೀಗರ್ ಸಿನಿಮಾಕ್ಕೆ ರೂಪಿಸಿದ ಅನ್ಯಲೋಕದ ಪ್ರಾಣಿ ಹೇಗಿದೆಯೆಂದು ಸ್ಟುಡಿಯೊದವರು ತೋರಿಸಲಿಲ್ಲ. ಕಾಣದ್ದನ್ನು ಬಣ್ಣಿಸುವುದು ಹೇಗೆ? ಬಣ್ಣಿಸದೆಯೇ ಸುತ್ತು ಬಳಸಿ ಬರೆದ. ಅವರ ಜಿಪುಣತನ ಅವನಿಗೆ ವರವಾಯಿತೆಂದೇ ನನ್ನ ಎಣಿಕೆ.

ನಾನೂ ‘ಕಿರ್ರ್’ ಹೊಡೆದುಹಾಕಿ, ‘ಬಾಗಿಲು ಹಾಕಿದ್ದೆನಲ್ಲ’ ಎಂದಷ್ಟೇ ಬರೆದು ದೀಪ ಆರಿಸಿದೆ. ಸ್ವಲ್ಪ ಹೊತ್ತಿಗೆ ಎದ್ದು ಹೋಗಿ ಚಿಲಕ ಮುಟ್ಟಿ ನೋಡಿ ಬಂದೆ.